ಹಿಂದಿನ ಗಾಜಿನ ಕುಂಕುಮ

ನನ್ನ ಫಿಯಟ್ ಕಾರಿನ ಹಿಂದಿನ ಬಂಪರಿನ ಬಲಮೂಲೆ ಅಂಗೈಯಷ್ಟಗಲ ಒಳಕ್ಕೆ ಹೋಗಿದೆ. ಸರಿ ಮಾಡಿಸಿಕೊಳ್ಳಿ ಎಂದು ಮೆಕ್ಯಾನಿಕ್ ಹೇಳಿ ಹೇಳಿ ಸುಸ್ತಾದ, ನಾನು ಮಾಡಿಸಲಿಲ್ಲ. ಕಾರಿಗೆ ಒಂದು ಗೀರು ಬಿದ್ದರೆ ಎರಡು ದಿನ ಅನ್ನ ಸೇರದ ಮನುಷ್ಯ ನಾನು. ಆದರೂ ಆ ತಗ್ಗನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ಅದು ಸುಗುಣಮ್ಮ ಕಾರು ಕಲಿಯುವಾಗ ಮಾಡಿದ್ದು.

ಸುಗುಣಮ್ಮ ಎಂದರೆ, ಕಾಳಿಘಾಟಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಗಲ್ಲಿಯಲ್ಲಿ ಊಟದ ಮೆಸ್ಸು ನಡೆಸುತ್ತಿದ್ದ ಮುರಾರಿ ಭಟ್ಟರ ಹೆಂಡತಿ. ಉಡುಪಿ ಕಡೆಯವರು. ಹತ್ತೊಂಬತ್ತನೆಯ ವಯಸ್ಸಿಗೆ ಮದುವೆಯಾಗಿ ಕಲ್ಕತ್ತೆಗೆ ಬಂದವರು, ನಾನು ಹೇಳುತ್ತಿರುವ ೧೯೮೭ರ ಹೊತ್ತಿಗೆ ಅವರಿಗೆ ಮೂವತ್ತೆಂಟು. ನಾನು ರೈಲ್ವೆಯ ಸಿಗ್ನಲ್ ವಿಭಾಗದವನು, ಹೆಸರು ಅಶ್ವತ್ಥನಾರಾಯಣ, ಮೈಸೂರಿನವನು. ಅವರ ಮೆಸ್ಸಿನ ಮಹಡಿಯ ಮೇಲೆ ಬಾಡಿಗೆಗಿದ್ದೆ. ಹನ್ನೊಂದು ವರ್ಷ ಆಕೆಯ ಕೈಯ ಸಾಂಬಾರು ತಿಂದಿದ್ದೇನೆ, ಆದರೆ ಆಕೆ ಒಂದೇ ಉಸಿರಿನಲ್ಲಿ ಹತ್ತು ಮಾತಾಡಿದ್ದನ್ನು ಕೇಳಿದವನಲ್ಲ. ಹಣೆಯ ಮೇಲೆ ಮೇಣ ಹಚ್ಚಿ ಕಾಸಗಲ ಕುಂಕುಮ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಸೌಟು. ಅಷ್ಟೇ ಎಂದುಕೊಂಡಿದ್ದೆ. ನನ್ನ ಬುದ್ಧಿ ಅಷ್ಟೇ ಇತ್ತು.

ಮೆಸ್ಸಿನ ಜೀವ ಇದ್ದದ್ದು ಗಲ್ಲಿಯ ಊಟದಲ್ಲಲ್ಲ, ಎಸ್ಪ್ಲನೇಡಿನ ಒಂದು ದೊಡ್ಡ ಆಫೀಸಿಗೆ ಹೋಗುತ್ತಿದ್ದ ಮಧ್ಯಾಹ್ನದ ಊಟದಲ್ಲಿ. ನೂರಿಪ್ಪತ್ತು ಜನ. ಹಿಂದಿನ ಸೀಟು ಕಿತ್ತು ತೆಗೆದ ಹಳೆಯ ಅಂಬಾಸಿಡರಿನಲ್ಲಿ ಅನ್ನ, ಸಾಂಬಾರು, ಪಲ್ಯದ ಪಾತ್ರೆಗಳನ್ನಿಟ್ಟು ಭಟ್ಟರೇ ಓಡಿಸಿಕೊಂಡು ಹೋಗುತ್ತಿದ್ದರು. ಆಫೀಸಿನ ಬಾಗಿಲೆದುರು ಸಾಲಾಗಿ ನಿಂತ ಕಾರುಗಳ ನಡುವೆ ಒಂದು ಕಾರಿನಷ್ಟು ಜಾಗ ಮಾತ್ರ ಸಿಗುತ್ತಿತ್ತು. ಅದರೊಳಗೆ ಹಿಂದಕ್ಕೆ ಬಂದು ನುಗ್ಗಿ, ಫುಟ್‌ಪಾತಿಗೆ ಒತ್ತಿ ನಿಲ್ಲಿಸಬೇಕು. ದೂರ ನಿಲ್ಲಿಸಿ ಕುದಿಯುವ ಸಾಂಬಾರನ್ನು ಆ ಜನಜಂಗುಳಿಯಲ್ಲಿ ಹೊತ್ತು ಒಯ್ಯುವ ಮಾತೇ ಇಲ್ಲ.

ಆ ವರ್ಷ ಭಟ್ಟರ ಕಣ್ಣು ಹೋಯಿತು. ಕಣ್ಣಿನ ಒತ್ತಡದ ಕಾಯಿಲೆ. ಎಡಗಣ್ಣು ಪೂರ್ತಿ ಕತ್ತಲೆ, ಬಲಗಣ್ಣಿನಲ್ಲಿ ನೆರಳಿನ ಹಾಗೆ ಒಂದಿಷ್ಟು. ಇಟ್ಟುಕೊಂಡ ಡ್ರೈವರುಗಳಿಬ್ಬರೂ ತಿಂಗಳು ತುಂಬುವ ಮೊದಲೇ ಹೇಳದೆ ಕೇಳದೆ ಹೋದರು. ಕೊನೆಗೆ ಮುಂಬಯಿಯ ಮಾಟುಂಗಾದಲ್ಲಿ ಹೋಟೆಲು ನಡೆಸುವ ಭಟ್ಟರ ಅಣ್ಣ ತ್ರಿವಿಕ್ರಮ ಭಟ್ಟರು ಬಂದರು. ಎರಡು ತಿಂಗಳು ತಾವೇ ಕಾರು ಓಡಿಸಿದರು. ಕೆಟ್ಟ ಮನುಷ್ಯರೆಂದು ನಾನು ಹೇಳಲಾರೆ. ಆದರೆ ಎಲ್ಲರ ಒಳ್ಳೆಯದು ಯಾವುದೆಂದು ತನಗೊಬ್ಬನಿಗೇ ಗೊತ್ತು ಎಂದುಕೊಂಡವರ ಜೊತೆ ಒಂದು ಮನೆಯಲ್ಲಿರುವುದು ಕಷ್ಟ.

ಬಂದ ವಾರವೇ ಅವರು ಊಟಕ್ಕೆ ಕೂತಾಗ ತೀರ್ಪು ಕೊಟ್ಟುಬಿಟ್ಟರು. "ಇದನ್ನು ಮುಚ್ಚುವ, ಮುರಾರಿ. ಕಾರು ಕೊಟ್ಟುಬಿಡುವ. ನೀವಿಬ್ಬರೂ ಮಾಟುಂಗಕ್ಕೆ ಬನ್ನಿ. ನಮ್ಮದು ದೊಡ್ಡ ಅಡಿಗೆಮನೆ. ಸುಗುಣನಿಗೆ ಕೈತುಂಬ ಕೆಲಸ ಉಂಟು."

ಭಟ್ಟರು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು. ಬಡಿಸುತ್ತಿದ್ದ ಸುಗುಣಮ್ಮನ ಸೌಟು ನನ್ನ ತಟ್ಟೆಯ ಮೇಲೆ ನಿಂತಿತು.

"ಕಾರು ನಾನು ಬಿಡ್ತೇನೆ, ಭಾವ," ಎಂದರು ಆಕೆ.

ತ್ರಿವಿಕ್ರಮ ಭಟ್ಟರು ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ನಗದೇ ಇದ್ದವರು ಮುರಾರಿ ಭಟ್ಟರೊಬ್ಬರೇ. ಕಲಸುವ ಕೈ ನಿಲ್ಲಿಸಿ, "ಅವಳು ಕಲಿಯಲಿ. ನಾನು ಹೇಳಿಕೊಡ್ತೇನೆ," ಎಂದರು.

ಕೊನೆಗೆ ಒಪ್ಪಂದವಾಯಿತು. ತ್ರಿವಿಕ್ರಮ ಭಟ್ಟರ ಮುಂಬಯಿ ರೈಲು ಸೆಪ್ಟೆಂಬರ್ ಇಪ್ಪತ್ತಕ್ಕೆ. ಕಾರು ಕೊಳ್ಳುವವನು ಹತ್ತೊಂಬತ್ತಕ್ಕೆ ಬರುತ್ತಾನೆ. ಅದಕ್ಕೆ ಮೊದಲು ಸುಗುಣಮ್ಮ ಡ್ರೈವಿಂಗ್ ಪರೀಕ್ಷೆ ಪಾಸಾದರೆ ಕಾರೂ ಮೆಸ್ಸೂ ಇಲ್ಲೇ. ಇಲ್ಲವಾದರೆ ಎರಡನ್ನೂ ಬಿಟ್ಟು ಮಾಟುಂಗಾ. ಪರೀಕ್ಷೆಗೆ ಸಿಕ್ಕ ತಾರೀಕು ಹದಿನೆಂಟು. ಒಂದೇ ಒಂದು ಅವಕಾಶ.

ಮುಂದಕ್ಕೆ ಓಡಿಸುವುದನ್ನು ಆಕೆ ಮೂರು ವಾರದಲ್ಲಿ ಕಲಿತರು. ಟ್ರಾಮು, ಬಸ್ಸು, ಕೈರಿಕ್ಷಾ ಯಾವುದಕ್ಕೂ ಹೆದರಲಿಲ್ಲ. ಎಡವಟ್ಟಾಗಿದ್ದು ಹಿಂದಕ್ಕೆ ಬಂದು ಎರಡರ ನಡುವೆ ನಿಲ್ಲಿಸುವುದರಲ್ಲಿ. ಪರೀಕ್ಷೆಯಲ್ಲಿ ಅದೇ ಮುಖ್ಯ: ಎರಡು ಡ್ರಮ್ಮುಗಳ ನಡುವೆ, ಡ್ರಮ್ಮಿಗೆ ತಾಗದೆ, ಚಕ್ರ ಫುಟ್‌ಪಾತ್ ಹತ್ತದೆ, ಹಿಂದಕ್ಕೆ ಒಂದೇ ಸಲದಲ್ಲಿ. ಬೆಳಿಗ್ಗೆ ಆರಕ್ಕೆ ನಮ್ಮ ಗಲ್ಲಿಯಲ್ಲಿ ಖಾಲಿ ಎಣ್ಣೆಡಬ್ಬಗಳನ್ನಿಟ್ಟು ಅಭ್ಯಾಸ. ಡಬ್ಬ ಉರುಳಿದ ಸದ್ದಿಗೆ ಇಡೀ ಪಾಡಾ, ಎಂದರೆ ಕೇರಿಗೆ ಕೇರಿಯೇ, ಎದ್ದು ಕೂರುತ್ತಿತ್ತು. ಜಗಲಿಯ ಮೇಲೆ ಕೂತು ಪೇಪರು ಓದುವ ಮುದುಕರು ಆಕೆಯನ್ನು ಬಂಗಾಳಿಯಲ್ಲಿ ಅತ್ತಿಗೆ ಎಂದು ಕರೆದು, "ಬೌದಿ, ಇನ್ನೂ ಬಲಕ್ಕೆ! ಬೌದಿ, ಎಡಕ್ಕೆ!" ಎಂದು ಕೂಗುವರು. ಅವರಲ್ಲಿ ಒಬ್ಬರಿಗೂ ಕಾರು ಬರುತ್ತಿರಲಿಲ್ಲ.

"ಡಬ್ಬಕ್ಕೆ ಇವಳು ಹೆದರುವುದಿಲ್ಲ," ಎಂದರು ಭಟ್ಟರು ಒಂದು ದಿನ. "ರಾಯರೇ, ನಿಮ್ಮ ಫಿಯಟ್ಟನ್ನು ಮುಂದೆ ನಿಲ್ಲಿಸಿ."

"ನನ್ನ ಫಿಯಟ್ಟೇ?"

"ಹೌದು ಮಾರಾಯ್ರೆ. ನಿಮ್ಮ ಕಾರು ಅಂದ್ರೆ ಅವಳಿಗೆ ಹೆದರಿಕೆ ಉಂಟು."

ನಿಲ್ಲಿಸಿದೆ. ಜೀವ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ನಿಂತೆ. ನಾಲ್ಕನೆಯ ದಿನ ಅಂಬಾಸಿಡರಿನ ಎಡಮೂತಿ ತಿರುಗಿ ಬಂದು ನನ್ನ ಬಂಪರಿಗೆ ಬಡಿಯಿತು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಆಕೆ ಸ್ಟೇರಿಂಗ್ ಹಿಡಿದೇ ಕೂತಿದ್ದರು, ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಕಾರಿನಿಂದ ಇಳಿಯಲಿಲ್ಲ. "ಇನ್ನೊಂದು ಸಲ ಮಾಡ್ತೇನೆ," ಎಂದರು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಹೋಗಿ ಫಿಯಟ್ಟನ್ನು ಮತ್ತೆ ಅದೇ ಜಾಗದಲ್ಲಿ ಸರಿಯಾಗಿ ನಿಲ್ಲಿಸಿದೆ.

ಕುಂಕುಮದ ಉಪಾಯ ಹೊಳೆದದ್ದು ಅವತ್ತು. ಭಟ್ಟರು ಹದಿನೈದು ವರ್ಷ ಓಡಿಸಿದ ಕಾರು. ಅದರ ಒಂದೊಂದು ಇಂಚೂ ಅವರ ಮೈಗೆ ಗೊತ್ತಿತ್ತು. ತಡವುತ್ತ ಹಿಂದೆ ಹತ್ತಿ ಕೂತು, ಹಿಂದಿನ ಗಾಜಿನ ಎಡಮೂಲೆಯನ್ನು ಕೈಯಿಂದ ಅಳೆದರು. ಕೆಳಗಿನಿಂದ ಒಂದು ಗೇಣು, ಅಂಚಿನಿಂದ ನಾಲ್ಕು ಬೆರಳು. "ಇಲ್ಲಿ ಒಂದು ಗುರುತು ಮಾಡು. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಹಿಂದೆ ಬರ್ತಾ ಇರು. ಫುಟ್‌ಪಾತಿನ ಅಂಚು ಬಂದು ಈ ಗುರುತಿಗೆ ಮುಟ್ಟಿತಾ, ಆಗ ಪೂರ್ತಿ ಬಲಕ್ಕೆ. ಮೊದಲೂ ಅಲ್ಲ, ಆಮೇಲೂ ಅಲ್ಲ."

ಸುಗುಣಮ್ಮ ಕರಡಿಗೆಯಿಂದ ಮೇಣ ತೆಗೆದು ಒತ್ತಿ, ಅದರ ಮೇಲೆ ಕುಂಕುಮ ಹಚ್ಚಿದರು. ಗಾಜಿನ ಒಳಗಡೆ, ಮಳೆಗೆ ಹೋಗದ ಹಾಗೆ. ಮಾರನೆಯ ದಿನದಿಂದ ಕಾರು ಹೇಳಿದ ಹಾಗೆ ಕೇಳತೊಡಗಿತು. ಭಟ್ಟರು ಫುಟ್‌ಪಾತಿನ ಮೇಲೆ ಕೋಲೂರಿ ನಿಂತು, ಚಕ್ರದ ಸದ್ದು ಕೇಳಿಯೇ, "ಒಂದು ಗೇಣು ದೂರ ನಿಂತಿತು, ಸರಿ," ಎನ್ನುತ್ತಿದ್ದರು. ನಾನು ಅಳೆದು ನೋಡಿದರೆ ಒಂದು ಗೇಣೇ ಇರುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ವಿಶ್ವಕರ್ಮ ಪೂಜೆ. ಊರಲ್ಲಾದರೆ ಗಾಡಿಗೆ ಆಯುಧಪೂಜೆಯ ದಿನ ಕುಂಕುಮ. ಆದರೆ ಕಲ್ಕತ್ತೆಗೆ ಬಂದ ಮೇಲೆ ಇಲ್ಲಿನ ಮೆಕ್ಯಾನಿಕ್ಕುಗಳ ಜೊತೆ ಭಟ್ಟರ ಮನೆಯವರೂ ಸೆಪ್ಟೆಂಬರ್ ಹದಿನೇಳಕ್ಕೇ ಕಾರು ಪೂಜೆ ಮಾಡುತ್ತಿದ್ದರು. ಆಕಾಶದ ತುಂಬ ಗಾಳಿಪಟ. ನಾನು ಆಫೀಸಿನಿಂದ ಬಂದಾಗ ಸುಗುಣಮ್ಮ ಸೆರಗು ಕಟ್ಟಿ ಕಾರನ್ನು ಒಳಗೂ ಹೊರಗೂ ತೊಳೆದು ಮುಗಿಸಿದ್ದರು. ಎರಡು ತಿಂಗಳ ಸಾಂಬಾರಿನ ಹಬೆ ಹಿಡಿದ ಗಾಜು ಕನ್ನಡಿಯಾಗಿತ್ತು. ಬಾನೆಟ್ಟಿಗೆ ಚೆಂಡುಹೂವಿನ ಮಾಲೆ, ಎಲ್ಲ ಗಾಜಿನ ನಡುಮಧ್ಯಕ್ಕೆ ಗಂಧದ ಮೇಲೆ ಹೊಸ ಕುಂಕುಮ. "ನಾಳೆ ಇದೇ ಕಾಪಾಡಬೇಕು," ಎಂದು ಕಾರಿಗೆ ಕೈಮುಗಿದರು. ಚೆನ್ನಾಗಿದೆ ಎಂದು ನಾನೂ ಹೇಳಿದೆ. ನೋಡುವ ಕಣ್ಣು ನನಗಿತ್ತು, ನೋಡಲಿಲ್ಲ.

ಮಾರನೆಯ ದಿನ ಒಂಬತ್ತೂವರೆಗೆ ಹೊರಟೆವು. ಮುಂದಿನ ಉದ್ದ ಸೀಟಿನಲ್ಲಿ ಸುಗುಣಮ್ಮ, ನಡುವೆ ಭಟ್ಟರು, ಲೈಸೆನ್ಸ್ ಇದ್ದವನು ಜೊತೆಗಿರಬೇಕೆಂದು ಎಡಗಡೆ ನಾನು. ಅವಳು ಓಡಿಸುವ ಕಾರಿನಲ್ಲಿ ತಾನು ಕೂರುವುದಿಲ್ಲ ಎಂದು ತ್ರಿವಿಕ್ರಮ ಭಟ್ಟರು ಟ್ಯಾಕ್ಸಿಯಲ್ಲಿ ಹೋದರು. ಹಿಂದೆ ನೂರಿಪ್ಪತ್ತು ಜನರ ಊಟ. ಪರೀಕ್ಷೆ ಮುಗಿಸಿ ಸೀದಾ ಎಸ್ಪ್ಲನೇಡಿಗೆ ಹೋಗಬೇಕು, ಹನ್ನೆರಡೂವರೆಗೆ ಊಟ ಬಡಿಸಬೇಕು. ಪಾಸಾದರೆ ಸುಗುಣಮ್ಮ ಓಡಿಸುವುದು, ಫೇಲಾದರೆ ತ್ರಿವಿಕ್ರಮ ಭಟ್ಟರು.

ಹಾಜ್ರಾ ಚೌಕದಲ್ಲಿ ಒಂದು ಮಿಛಿಲ್ ಅಡ್ಡ ಬಂತು. ಕೆಂಪು ಬಾವುಟ ಹಿಡಿದ ಜನ, ಬಾಲ ಕಾಣದ ಮೆರವಣಿಗೆ. ಹತ್ತೂವರೆಗೆ ಹೆಸರು ಕೂಗುತ್ತಾರೆ. ನಾವು ಹತ್ತು ಇಪ್ಪತ್ತರವರೆಗೆ ಅಲ್ಲೇ ನಿಂತಿದ್ದೆವು. ನಾನು ಗಡಿಯಾರ ನೋಡಿ ನೋಡಿ ಬೆವರಿದೆ. ಸುಗುಣಮ್ಮ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ಸ್ತೋತ್ರವೆಂದುಕೊಂಡೆ. ಕಿವಿಗೊಟ್ಟು ಕೇಳಿದರೆ, "ಪೂರ್ತಿ ಎಡಕ್ಕೆ, ಗುರುತಿಗೆ ಮುಟ್ಟಿದ ಕೂಡಲೇ ಪೂರ್ತಿ ಬಲಕ್ಕೆ," ಎಂದು.

ತಲುಪಿದಾಗ ಆಕೆಯ ಹೆಸರನ್ನು ಎರಡನೆಯ ಸಲ ಕೂಗುತ್ತಿದ್ದರು. ಗೋಡೆಗೆ ಚುನಾವಣೆಯ ಹಳೆಯ ಬರಹಗಳಿದ್ದ ಒಂದು ಉದ್ದ ರಸ್ತೆ. ಫುಟ್‌ಪಾತಿನ ಪಕ್ಕ ಎರಡು ಡ್ರಮ್ಮು. ಇನ್‌ಸ್ಪೆಕ್ಟರು ಸಣಕಲು ಮನುಷ್ಯ, ಕಂಕುಳಲ್ಲಿ ಕೊಡೆ, ಕೈಯಲ್ಲಿ ಫಾರಂ ಹಲಗೆ. ಆಕೆಗಿಂತ ಮೊದಲಿನವನು ಹಿಂದಿನ ಡ್ರಮ್ಮಿಗೆ ಗುದ್ದಿ ಮುಖ ಇಳಿಬಿಟ್ಟುಕೊಂಡು ಹೋದ. ಭಟ್ಟರೂ ನಾನೂ ಇಳಿದು ಫುಟ್‌ಪಾತಿನ ಮೇಲೆ ನಿಂತೆವು. ತ್ರಿವಿಕ್ರಮ ಭಟ್ಟರು ಆಗಲೇ ಅಲ್ಲಿದ್ದರು. ಇನ್‌ಸ್ಪೆಕ್ಟರು ನನ್ನ ಜಾಗದಲ್ಲಿ ಹತ್ತಿ ಕೂತು, ಹಿಂದೆ ತಿರುಗಿ ಪಾತ್ರೆಗಳನ್ನು ನೋಡಿ, ಮೂಗರಳಿಸಿ, ಪೆನ್ಸಿಲ್ ಕೈಗೆ ತೆಗೆದುಕೊಂಡರು.

ರಸ್ತೆ ಸುತ್ತು ಹಾಕಿ ಬಂದರು. ತಪ್ಪಿಲ್ಲ. ಮುಂದಿನ ಡ್ರಮ್ಮಿನ ಸಮಕ್ಕೆ ಕಾರು ನಿಂತಿತು. ಗೇರು ಬಿತ್ತು. ಸ್ಟೇರಿಂಗ್ ಪೂರ್ತಿ ಎಡಕ್ಕೆ. ಕಾರು ಇಷ್ಟಿಷ್ಟೇ ಹಿಂದಕ್ಕೆ ಬರತೊಡಗಿತು. ಭಟ್ಟರು ಕಿವಿ ಮುಂದೆ ಮಾಡಿ, ನನ್ನ ತೋಳು ಹಿಡಿದು ನಿಂತಿದ್ದರು.

ಸುಗುಣಮ್ಮ ಹಿಂದೆ ತಿರುಗಿ ಗಾಜಿನತ್ತ ನೋಡಿದರು. ಅವರ ಮುಖ ನನಗೆ ಚೆನ್ನಾಗಿ ಕಾಣುತ್ತಿತ್ತು. ಮೊದಲು ಎಡಮೂಲೆ ನೋಡಿದರು, ಆಮೇಲೆ ನಡುವೆ ನೋಡಿದರು, ಮತ್ತೆ ಮೂಲೆಗೆ ಬಂದರು. ಬಾಯಿ ಸ್ವಲ್ಪ ತೆರೆಯಿತು.

ಆಗ ನನಗೂ ತಿಳಿಯಿತು. ಮೂಲೆ ಖಾಲಿ. ಹಿಂದಿನ ದಿನ ಗಾಜು ತಿಕ್ಕುವಾಗ ಆಕೆ ತಮ್ಮ ಗುರುತನ್ನು ತಾವೇ ಒರೆಸಿ ಹಾಕಿ, ಪೂಜೆಯ ಕುಂಕುಮವನ್ನು ನಡುಮಧ್ಯಕ್ಕೆ ಇಟ್ಟಿದ್ದರು. ಫುಟ್‌ಪಾತಿನ ಅಂಚು ಆ ನಡುವಿನ ಬೊಟ್ಟಿಗೆ ಬಂದು ಮುಟ್ಟುವುದರೊಳಗೆ ಚಕ್ರ ಫುಟ್‌ಪಾತಿನ ಮೇಲಿರುತ್ತದೆ.

ಕಾರು ಗಕ್ಕನೆ ನಿಂತಿತು, ಅರ್ಧ ಒಳಗೆ, ಅರ್ಧ ರಸ್ತೆಯಲ್ಲಿ, ಅಡ್ಡಡ್ಡ. ಹಿಂದೆ ಸಾಂಬಾರಿನ ಪಾತ್ರೆಯ ಮುಚ್ಚಳ ಠಣ್ ಎಂದಿತು.

"ಯಾಕೆ ನಿಂತಳು?" ಎಂದರು ಭಟ್ಟರು. "ಇನ್ನೂ ಬರಬೇಕು. ಯಾಕೆ ನಿಂತಳು, ರಾಯರೇ?"

"ಗುರುತಿಲ್ಲ ಭಟ್ರೆ. ನಿನ್ನೆ ಒರೆಸಿಬಿಟ್ಟಿದಾರೆ."

ನನ್ನ ತೋಳಿನ ಮೇಲೆ ಅವರ ಹಿಡಿತ ಬಿಗಿಯಾಯಿತು. ಅತ್ತ ತ್ರಿವಿಕ್ರಮ ಭಟ್ಟರು ಕಾರಿನ ಬೀಗದಕೈ ಇಸಿದುಕೊಳ್ಳುವವರ ಹಾಗೆ ಒಂದು ಹೆಜ್ಜೆ ಮುಂದೆ ಇಟ್ಟರು. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಸುಗುಣಮ್ಮ ಬ್ರೇಕು ಎಳೆದು ಬಾಗಿಲು ತೆಗೆದರು.

"ನಾಮ್‌ಬೇನ್ ನಾ!" ಎಂದರು ಇನ್‌ಸ್ಪೆಕ್ಟರು. ಇಳಿಯಬೇಡಿ ಎಂದು.

"ಒಂದು ನಿಮಿಷ, ದಾದಾ," ಎಂದು ಆಕೆ ಇಳಿದೇಬಿಟ್ಟರು. ಹಿಂದಿನ ಬಾಗಿಲು ತೆಗೆದು ಪಾತ್ರೆಗಳ ನಡುವೆ ಮಂಡಿಯೂರಿ ಹತ್ತಿದರು. ಕುದಿಯುವ ಪಾತ್ರೆಯ ಅಂಚಿಗೆ ಒಂದು ಕೈ ಊರಿ, ಇನ್ನೊಂದು ಕೈಯನ್ನು ಗಾಜಿಗೆ ಚಾಚಿದರು. ಕೆಳಗಿನಿಂದ ಒಂದು ಗೇಣು. ಅಂಚಿನಿಂದ ನಾಲ್ಕು ಬೆರಳು. ಎಡಗೈಯ ಉಗುರನ್ನು ಅಲ್ಲಿಟ್ಟು, ಗುರುತು ಮಾಡಲು ಬಲಗೈಗೆ ಏನಾದರೂ ಸಿಗುತ್ತದೆಯೇ ಎಂದು ಸುತ್ತ ನೋಡಿದರು. ಏನೂ ಇರಲಿಲ್ಲ. ಗಾಜಿನಾಚೆ ನಿಂತ ನಾವು ಮೂವರೂ ಆಕೆಯ ಎದುರಿಗೇ ಇದ್ದೆವು. ಒಂದು ಗಳಿಗೆ ಆಕೆಯ ಕಣ್ಣು ಗಂಡನ ಮೇಲೆ ನಿಂತಿತು.

ಆಮೇಲೆ ಬಲಗೈಯ ಹೆಬ್ಬೆರಳು ಹಣೆಗೆ ಹೋಯಿತು. ಕಾಸಗಲದ ಕುಂಕುಮವನ್ನು ಮೇಣದ ಸಮೇತ ಎಳೆದು ತೆಗೆದು, ಗಾಜಿನ ಮೇಲೆ ಒತ್ತಿದರು.

"ಅಯ್ಯೋ! ಸುಗುಣಾ!" ತ್ರಿವಿಕ್ರಮ ಭಟ್ಟರು ಕೂಗಿದರು. "ಎಂತ ಮಾಡ್ತಿದ್ದಿ ನೀನು? ನಿನ್ನ ಗಂಡ ಬದುಕಿ ಕಣ್ಣೆದುರು ನಿಂತಿದ್ದಾನೆ!"

"ಎಂತ ಆಯಿತು?" ಎಂದರು ಮುರಾರಿ ಭಟ್ಟರು. ಅವರಿಗೆ ಕಂಡಿರಲಿಲ್ಲ. ಹುಟ್ಟಿದಾಗಿನಿಂದ ಮನೆಯಲ್ಲಿ ಕೇಳಿ ಬೆಳೆದ ಮಾತುಗಳೆಲ್ಲ ನನ್ನ ತಲೆಯಲ್ಲೂ ಎದ್ದು ನಿಂತಿದ್ದವು. ತ್ರಿವಿಕ್ರಮ ಭಟ್ಟರೇ ತಮ್ಮನ ಕಿವಿಯ ಹತ್ತಿರ ಹೇಳಿದರು.

ಮುರಾರಿ ಭಟ್ಟರು ಕೇಳಿಕೊಂಡರು. "ಸರಿಯಾದ ಜಾಗಕ್ಕೆ ಇಟ್ಟಳಾ?" ಎಂದರು.

ಸುಗುಣಮ್ಮ ಮರಳಿ ಬಂದು ಕೂತರು. ಇನ್‌ಸ್ಪೆಕ್ಟರು ಫಾರಂ ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಡ್ರಮ್ಮಿಗೆ ತಾಗಿದರೆ ಏನು, ಚಕ್ರ ಹತ್ತಿದರೆ ಏನು, ಎಲ್ಲಕ್ಕೂ ಅಲ್ಲಿ ಕಾಲಂ ಇತ್ತಂತೆ. ನಡುವೆ ಇಳಿದು ಹಣೆಯ ಕುಂಕುಮವನ್ನು ಗಾಜಿಗೆ ಹಚ್ಚಿದವರಿಗೆ ಕಾಲಂ ಇರಲಿಲ್ಲ. ಅವರು ಕೈಬೀಸಿ, ನಡೆಸಿ ಎಂದರು.

ಕಾರು ಹಿಂದಕ್ಕೆ ಬಂತು. ಒಂದು ಅಡಿ. ಇನ್ನೊಂದು. ಹಿಂದಿನ ಡ್ರಮ್ಮಿಗೂ ಬಂಪರಿಗೂ ನಡುವಿನ ಜಾಗ ಕಿರಿದಾಗುತ್ತಲೇ ಬಂತು. ಈಗ ತಿರುಗಿಸಬೇಕು, ಈಗ, ಎಂದು ನನ್ನ ಕೈ ತಾನಾಗಿಯೇ ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸಿತು. ಆಕೆ ಇನ್ನೂ ತಿರುಗಿಸಲಿಲ್ಲ. ನನ್ನ ಮಾತು ಕೇಳಿದ್ದರೆ ಕೆಟ್ಟುಹೋಗುತ್ತಿತ್ತು. ಇನ್ನರ್ಧ ಅಡಿ ಬಂದು, ಕತ್ತು ತಿರುಗಿಸಿಕೊಂಡೇ ಎರಡೂ ಕೈಯಿಂದ ಆ ಭಾರದ ಚಕ್ರವನ್ನು ಪೂರ್ತಿ ಬಲಕ್ಕೆ ಎಳೆದರು. ಕಾರಿನ ಮೂತಿ ಮುಂದಿನ ಡ್ರಮ್ಮನ್ನು ಎರಡು ಬೆರಳಿನ ಅಂತರದಲ್ಲಿ ತಪ್ಪಿಸಿಕೊಂಡು ಒಳಗೆ ಬಂತು. ನಿಂತಿತು.

"ಒಂದು ಗೇಣು," ಎಂದರು ಭಟ್ಟರು.

ಇನ್‌ಸ್ಪೆಕ್ಟರು ಇಳಿದು, ಕೊಡೆಯ ತುದಿಯಿಂದ ಚಕ್ರದ ದೂರ ಅಳೆದು, ಫಾರಮ್ಮಿನ ಮೇಲೆ ಏನೋ ಗೀಚಿದರು. "ಪಾಶ್," ಎಂದರು. ಆಮೇಲೆ ದನಿ ತಗ್ಗಿಸಿ, ಹಿಂದಿರುವುದು ಸಾಂಬಾರೇ ಎಂದು ಕೇಳಿದರು. ಹೌದೆಂದೆ.

ಸುಗುಣಮ್ಮ ಇಳಿದು ಬಂದು ಕಾರಿಗೆ ಒರಗಿ ನಿಂತರು. ಪಾತ್ರೆಗೆ ಊರಿದ ಅಂಗೈ ಕೆಂಪಾಗಿ ಬೊಬ್ಬೆ ಬರುವ ಹಾಗಿತ್ತು. ಹಣೆಯ ಮೇಲೆ ಹುಬ್ಬಿನಿಂದ ಕೂದಲವರೆಗೆ ಎಳೆದ ಕೆಂಪು ಗೀಟು ಮಾತ್ರ ಉಳಿದಿತ್ತು.

ತ್ರಿವಿಕ್ರಮ ಭಟ್ಟರಿಗೆ ಇನ್ನೂ ತಡೆಯಲಾಗಿರಲಿಲ್ಲ. "ನಡುವೆ ಅಷ್ಟು ದೊಡ್ಡ ಬೊಟ್ಟು ಉಂಟಲ್ಲ ಗಾಜಿನಲ್ಲಿ. ಅದರದ್ದು ತೆಗೀಲಿಕ್ಕೆ ಆಗ್ತಿರಲಿಲ್ವಾ? ಹಣೆಯದ್ದೇ ಬೇಕಿತ್ತಾ?"

"ಅದು ದೇವರಿಗೆ ಇಟ್ಟದ್ದು, ಭಾವ," ಎಂದರು ಸುಗುಣಮ್ಮ. "ಇದು ನನ್ನದು."

ಹನ್ನೊಂದು ವರ್ಷದಲ್ಲಿ ಆಕೆ ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ತ್ರಿವಿಕ್ರಮ ಭಟ್ಟರು, ನಾಳೆ ಬರುವವನಿಗೆ ಕಾರು ಕೊಡುವುದಿಲ್ಲವೆಂದು ತಾವೇ ಹೇಳುವುದಾಗಿ ಹೇಳಿದರು. ಮಾತಿಗೆ ತಪ್ಪುವ ಮನುಷ್ಯರಲ್ಲ ಅವರು, ಅದನ್ನು ನಾನು ಒಪ್ಪಬೇಕು.

ಮುರಾರಿ ಭಟ್ಟರು ಕಾರನ್ನು ಮುಟ್ಟಿಕೊಂಡು ಹಿಂದಿನ ಬಾಗಿಲಿಗೆ ಬಂದರು. ತಡವುತ್ತ ಒಳಗೆ ಬಾಗಿ, ಗಾಜಿನ ಎಡಮೂಲೆಗೆ ಕೈ ಚಾಚಿದರು. ಕೆಳಗಿನಿಂದ ಒಂದು ಗೇಣು, ಅಂಚಿನಿಂದ ನಾಲ್ಕು ಬೆರಳು. ಮೇಣ ಬೆರಳಿಗೆ ಸಿಕ್ಕಿತು.

"ಇಲ್ಲಿ ಬಾ," ಎಂದರು. "ಹಣೆ ತೋರಿಸು. ನಾನೇ ಇಡ್ತೇನೆ."

ಅವರ ದನಿ ಒಡೆದಿತ್ತು. ಅಣ್ಣ ಕಿವಿಯಲ್ಲಿ ಹೇಳಿದಾಗ ಗಟ್ಟಿಯಾಗಿ ನಿಂತಿದ್ದ ಮನುಷ್ಯ ಈಗ ಅಳುತ್ತಿದ್ದರು.

ಸುಗುಣಮ್ಮ ಹತ್ತಿರ ಹೋದರು. ಗಂಡನ ಕೈಯನ್ನು ತಮ್ಮ ಸುಟ್ಟ ಕೈಯಿಂದಲೇ ಹಿಡಿದು, ಗಾಜಿನಿಂದ ಮೆಲ್ಲಗೆ ಬಿಡಿಸಿದರು.

"ಅದನ್ನು ತೆಗೀಬೇಡಿ," ಎಂದರು. "ನಂಗೆ ಇನ್ನು ಎಸ್ಪ್ಲನೇಡಿನಲ್ಲಿ ನಿಲ್ಲಿಸ್ಲಿಕ್ಕುಂಟು."